ಶನಿವಾರದ ಗಮ್ಮಿ, ಸೋಮವಾರದ ಸ್ಕೂಲ್ ಬಸ್

ಕ್ಯಾಲಿಫೋರ್ನಿಯಾದಿಂದ ಒಬ್ಬರು ಕೇಳಿದ್ದಾರೆ: "ಇಲ್ಲಿಯ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ (ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಬಸ್ ಓಡಿಸುವ ಕೆಲಸ ಸಿಗುವ ಹಾಗಿದೆ. ಸೇರೋಕೆ ಮುಂಚೆ ಡ್ರಗ್ ಟೆಸ್ಟ್ ಅಂತೆ. ಇಲ್ಲಿ ಗಾಂಜಾ ಲೀಗಲ್ ಅಲ್ವಾ? ಶನಿವಾರ ರಾತ್ರಿ ಗೆಳೆಯರ ಮನೇಲಿ ಒಂದು ಗಮ್ಮಿ (ಗಾಂಜಾ ಬೆರೆಸಿದ ಜೆಲ್ಲಿ ಮಿಠಾಯಿ) ತಿಂದು ಸೋಮವಾರ ನೆಟ್ಟಗೆ ಬಸ್ ಓಡಿಸಿದರೆ ಯಾರಿಗೇನು ತೊಂದರೆ? ಸಿಟಿ ಹಾಲ್‌ನಲ್ಲಿ ಗುಮಾಸ್ತನಾಗಿರುವ ನನ್ನ ಸ್ನೇಹಿತನಿಗೆ ಈ ಟೆಸ್ಟೇ ಇಲ್ಲ. ಇನ್ನೊಂದು, ಗಸಗಸೆ ಪಾಯಸ ತಿಂದರೂ ಸಿಕ್ಕಿಬೀಳ್ತೀವಿ ಅಂತಾರೆ, ನಿಜವಾ?"

ತಿನ್ನಬೇಡಿ. ಗಮ್ಮಿಯನ್ನು ಹೇಳ್ತಿದ್ದೀನಿ, ಪಾಯಸಕ್ಕೆ ಆಮೇಲೆ ಬರ್ತೀನಿ.

ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಅಂಗಡಿಯಲ್ಲೇ ಗಾಂಜಾ ಮಾರುತ್ತಾರೆ, ನಿಜ. ಎಬಿ 2188 ಅನ್ನೋ ಕಾನೂನು 2024ರ ಜನವರಿಯಿಂದ ಜಾರಿಯಲ್ಲಿದೆ, ಕೆಲಸದ ಹೊತ್ತಿನ ಆಚೆ ಗಾಂಜಾ ಬಳಸಿದವರನ್ನು ಅಷ್ಟಕ್ಕೇ ಕೆಲಸದಿಂದ ತೆಗೆಯಬಾರದು ಅನ್ನುತ್ತೆ, ಅದೂ ನಿಜ. ಆದರೆ ಅದೇ ಕಾನೂನು ಕೇಂದ್ರ ಸರ್ಕಾರದ ನಿಯಮದಡಿ ಟೆಸ್ಟ್ ಆಗಬೇಕಾದವರನ್ನು ಹೊರಗಿಟ್ಟಿದೆ. ನೀವು ಆ ಹೊರಗಿನವರು. ಕಾರಣ ನಿಮ್ಮ ಜೇಬಿನಲ್ಲಿರುವ ಸಿಡಿಎಲ್, ಅಂದರೆ ಕಮರ್ಷಿಯಲ್ ಲೈಸೆನ್ಸ್. ಚಾಲಕರೂ ಸೇರಿ 16 ಅಥವಾ ಹೆಚ್ಚು ಜನ ಕೂರುವ ಬಸ್ಸು, 26,001 ಪೌಂಡ್ ಅಥವಾ ಅದಕ್ಕಿಂತ ಭಾರದ ಟ್ರಕ್ಕು, ಇಂಥವನ್ನು ಓಡಿಸೋಕೆ ಆ ಲೈಸೆನ್ಸ್ ಬೇಕು. ಲೈಸೆನ್ಸ್ ಇದ್ದು ಇಂಥ ಗಾಡಿ ಓಡಿಸಿದರೆ ಟೆಸ್ಟ್ ಇದ್ದೇ ಇದೆ. ಸಂಬಳ ಕೊಡೋದು ಖಾಸಗಿ ಕಂಪನಿಯೋ, ಸಿಟಿಯೋ, ಕೌಂಟಿಯೋ ಅಂತ ನಿಯಮ ನೋಡಲ್ಲ. ಕಸದ ಲಾರಿಯವರಿಗೂ ಇದೇ, ಹಿಮ ಗುಡಿಸುವ ಟ್ರಕ್‌ನವರಿಗೂ ಇದೇ. ಡಾಕ್ಟರ್ ಬರೆದುಕೊಟ್ಟ ಗಾಂಜಾ ಚೀಟಿ ತೋರಿಸಿದರೂ ನಡೆಯಲ್ಲ.

ಈಗ "ಸೋಮವಾರ ನೆಟ್ಟಗೆ ಇರ್ತೀನಿ" ಅನ್ನೋ ಮಾತು. ಎಲ್ಲರೂ ಎಡವೋದು ಇಲ್ಲೇ, ಯಾಕಂದ್ರೆ ಮದ್ಯದ ಟೆಸ್ಟೂ ಡ್ರಗ್ ಟೆಸ್ಟೂ ಕೇಳುವ ಪ್ರಶ್ನೆ ಬೇರೆ ಬೇರೆ. ಉಸಿರಿನ ಟೆಸ್ಟ್ ಕೇಳೋದು ಈ ಗಳಿಗೆಯಲ್ಲಿ ನಿಮ್ಮ ಮೈಯಲ್ಲಿ ಮದ್ಯ ಇದೆಯಾ ಅಂತ. ಮದ್ಯದ ಪ್ರಮಾಣ ಶೇಕಡಾ 0.04 ಅಥವಾ ಹೆಚ್ಚು ಬಂದರೆ ನಿಯಮ ಮುರಿದಂತೆ. 0.02ರಿಂದ 0.039ರೊಳಗಿದ್ದರೆ 24 ಗಂಟೆ ಸ್ಟೀರಿಂಗ್ ಮುಟ್ಟುವಂತಿಲ್ಲ. ಡ್ಯೂಟಿಗೆ 4 ಗಂಟೆ ಮುಂಚಿನಿಂದ ಕುಡಿಯುವಂತೆಯೂ ಇಲ್ಲ. (ಅಲ್ಲಿ ಕಾರು ಓಡಿಸುವ ಸಾಮಾನ್ಯರಿಗೆ ಮಿತಿ 0.08. ನಮ್ಮ ದೇಶದಲ್ಲಿ ಎಲ್ಲರಿಗೂ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ 0.03. ಈ ಒಂದು ವಿಷಯದಲ್ಲಿ ನಾವೇ ಬಿಗಿ.) ಶನಿವಾರ ಎರಡು ಬಿಯರ್ ಕುಡಿದವರು ಸೋಮವಾರ ಆರಾಮಾಗಿ ಪಾಸ್.

ಮೂತ್ರದ ಟೆಸ್ಟ್‌ಗೆ ನಿಮಗೆ ಈಗ ನಶೆ ಇದೆಯಾ ಅನ್ನೋದು ಬೇಕೇ ಇಲ್ಲ. ಗಾಂಜಾ ಅರಗಿದ ಮೇಲೆ ಉಳಿಯುವ ಅಂಶವನ್ನು ಅದು ಹುಡುಕುತ್ತೆ. ಆ ಅಂಶ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತೆ. ಅಪರೂಪಕ್ಕೆ ತಿಂದವರಲ್ಲಿ ಕೆಲವು ದಿನ, ದಿನಾ ಸೇದುವವರಲ್ಲಿ ವಾರಗಟ್ಟಲೆ. ಹಾಗಾಗಿ ಗಮ್ಮಿಯ ನಶೆ ಭಾನುವಾರವೇ ಇಳಿದಿದ್ದರೂ ಸೋಮವಾರದ ಬಾಟಲಿ ನಿಮ್ಮನ್ನು ಹಿಡಿದುಕೊಡಬಹುದು. ಇದು ನ್ಯಾಯವಾ ಅಂದರೆ, ನನ್ನ ಮಟ್ಟಿಗೆ ಪೂರ್ತಿ ನ್ಯಾಯ ಅಲ್ಲ. ಆದರೆ ನಿಯಮ ಇರೋದು ಹಾಗೆ. ಗಾಂಜಾ ಗಿಡದಿಂದಲೇ ತೆಗೆದ, ನಶೆ ಏರಿಸದ ಸಿಬಿಡಿ ಎಣ್ಣೆ ಮಾತ್ರ ತಗೊಂಡೆ ಅಂದರೂ ಕೇಳಲ್ಲ.

ಇಷ್ಟು ಬಿಗಿ ಬಂದಿದ್ದಕ್ಕೆ ಹಿಂದೆ ಹೆಣಗಳಿವೆ. 1987ರ ಜನವರಿ 4ರಂದು ಮೇರಿಲ್ಯಾಂಡ್‌ನ ಚೇಸ್ ಅನ್ನೋ ಊರಿನ ಹತ್ತಿರ ಆಮ್‌ಟ್ರಾಕ್‌ನ ಪ್ರಯಾಣಿಕರ ರೈಲು ಸರಕು ರೈಲಿನ ಎಂಜಿನ್‌ಗಳಿಗೆ ಗುದ್ದಿ 16 ಜನ ಸತ್ತರು. ಸರಕು ರೈಲಿನ ಎಂಜಿನ್‌ನಲ್ಲಿದ್ದವರು ಗಾಂಜಾ ಸೇದಿದ್ದರು. 1991ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಸಬ್‌ವೇ ರೈಲು ಹಳಿ ತಪ್ಪಿ 5 ಜನ ಸತ್ತರು, ಓಡಿಸುತ್ತಿದ್ದವನು ಕುಡಿದಿದ್ದ. ಅದೇ ಅಕ್ಟೋಬರ್‌ನಲ್ಲಿ ಸಾರಿಗೆ ನೌಕರರ ಟೆಸ್ಟಿಂಗ್ ಕಾನೂನು ಬಂತು. ರೈಲಿನ ಸಾವುಗಳು ಬಸ್ಸು, ಲಾರಿಯವರನ್ನೂ ಒಳಗೆ ತಂದವು.

ನಿಮ್ಮ ಸ್ನೇಹಿತನಿಗೆ ಯಾಕಿಲ್ಲ? ಸರ್ಕಾರ ಯಾರದಾದರೂ ಮೂತ್ರ ಕೇಳಿದರೆ ಅಮೆರಿಕದ ಸಂವಿಧಾನದ ಪ್ರಕಾರ ಅದು ಒಂದು ಬಗೆಯ ತಪಾಸಣೆ, ಮನೆಗೆ ನುಗ್ಗಿ ಹುಡುಕಿದ ಹಾಗೆ. ಸುಮ್ನೆ ಮಾಡೋ ಹಾಗಿಲ್ಲ. 1989ರಲ್ಲಿ ರೈಲ್ವೆ ನೌಕರರ ಸಂಘದ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಜನರ ಜೀವ ಕೈಯಲ್ಲಿರುವ ಕೆಲಸದವರನ್ನು ಅನುಮಾನ ಇಲ್ಲದೆಯೂ ಟೆಸ್ಟ್ ಮಾಡಬಹುದು ಅಂದಿತು. ಗುಮಾಸ್ತ ಫೈಲು ತಪ್ಪಿಟ್ಟರೆ ಯಾರೂ ಸಾಯಲ್ಲ.

ಸೇರುವಾಗ ಒಮ್ಮೆ ಪಾಸಾದರೆ ಮುಗೀತು ಅನ್ಕೋಬೇಡಿ. ಮೇಲಧಿಕಾರಿಗೆ ತಕ್ಕ ಅನುಮಾನ ಬಂದಾಗ, ಕೆಲವು ಬಗೆಯ ಅಪಘಾತದ ನಂತರ, ಮತ್ತೆ ಎಲ್ಲಕ್ಕಿಂತ ಜಾಸ್ತಿ ಚೀಟಿ ಎತ್ತಿ ಟೆಸ್ಟ್ ಮಾಡ್ತಾರೆ. 100 ಚಾಲಕರಿದ್ದರೆ ವರ್ಷಕ್ಕೆ ಕಡಿಮೆ ಅಂದರೂ 50 ಡ್ರಗ್ ಟೆಸ್ಟ್, 10 ಮದ್ಯದ ಟೆಸ್ಟ್. 2016ರಿಂದ 2019ರವರೆಗೆ ಡ್ರಗ್ ಟೆಸ್ಟ್ 25 ಇತ್ತು. ಎತ್ತಿದ ಚೀಟಿ ಮತ್ತೆ ಡಬ್ಬಕ್ಕೇ ಹೋಗುತ್ತೆ, ಅದಕ್ಕೆ ಒಬ್ಬರ ಹೆಸರೇ ಎರಡು ಸಲ ಬಂದು ಇನ್ನೊಬ್ಬರದು ಬಾರದೇ ಇರಬಹುದು. ನನ್ನ ಮೇಲೆ ಹಗೆ ಸಾಧಿಸ್ತಿದ್ದಾರೆ ಅಂತ ಜಗಳಕ್ಕೆ ನಿಲ್ಲಬೇಡಿ. ಹೆಸರು ಬಂತು ಅಂದರೆ ತಕ್ಷಣ ಹೊರಡಬೇಕು. ಮನೆಗೆ ಹೋಗಿ ಬರ್ತೀನಿ ಅಂತ ಜಾರಿಕೊಂಡರೆ ನಿರಾಕರಣೆ, ನಿರಾಕರಣೆಗೆ ಪಾಸಿಟಿವ್‌ನಷ್ಟೇ ಬೆಲೆ.

ಜೇಬು ಖಾಲಿ ಮಾಡಿಸಿ ಒಳಗೆ ಬಿಡ್ತಾರೆ, ಕಮೋಡ್‌ನ ನೀರಿಗೆ ನೀಲಿ ಬಣ್ಣ ಹಾಕಿರ್ತಾರೆ, 45 ಮಿಲಿ ಬೇಕು. 4 ನಿಮಿಷದೊಳಗೆ ಬಿಸಿ ನೋಡ್ತಾರೆ, 90ರಿಂದ 100 ಫ್ಯಾರನ್‌ಹೀಟ್ ಇರಬೇಕು. ಬರ್ತಾ ಇಲ್ಲ ಅಂದರೆ 3 ಗಂಟೆ ಸಮಯ, ಮಧ್ಯೆ ನೀರು. ಲ್ಯಾಬ್‌ನಲ್ಲಿ ಪಾಸಿಟಿವ್ ಬಂದರೂ ಮೊದಲು ಎಂಆರ್‌ಓ, ಅಂದರೆ ಟೆಸ್ಟ್ ಫಲಿತಾಂಶ ಪರಿಶೀಲಿಸುವ ಡಾಕ್ಟರ್, ನಿಮಗೆ ಫೋನ್ ಮಾಡ್ತಾರೆ. ದಯವಿಟ್ಟು ಗೊತ್ತಿಲ್ಲದ ನಂಬರ್ ಅಂತ ಕಟ್ ಮಾಡಬೇಡಿ! ನಿಮ್ಮ ಔಷಧಿಗಳ ವಿಷಯ ಹೇಳೋಕೆ ಇರುವ ಅವಕಾಶ ಅದು. ಊರಲ್ಲಿ ಡಾಕ್ಟರ್ ಬರೆದುಕೊಟ್ಟ ಕೋಡೀನ್ ಇರುವ ಕೆಮ್ಮಿನ ಸಿರಪ್ ಕುಡಿದಿದ್ದರೆ ಚೀಟಿ ತೋರಿಸಿ. ಹೊರದೇಶದಲ್ಲಿ ಕಾನೂನು ಪ್ರಕಾರ ಕೊಂಡು, ಕಾಯಿಲೆಗೇ ಬಳಸಿದ್ದನ್ನು ಅವರು ಒಪ್ಪಬಹುದು. ಪಾಸಿಟಿವ್ ಅಂತ ಹೇಳಿದ ಮೇಲೂ 72 ಗಂಟೆಯೊಳಗೆ, ಅದೇ ಮೂತ್ರ ತುಂಬಿಟ್ಟ ಎರಡನೇ ಬಾಟಲಿಯನ್ನು ಬೇರೆ ಲ್ಯಾಬ್‌ಗೆ ಕಳಿಸಿ ಅಂತ ಕೇಳಬಹುದು.

ಪಾಸಿಟಿವ್ ಖಚಿತವಾದರೆ ಆ ದಿನವೇ ಗಾಡಿಯಿಂದ ಇಳಿಸ್ತಾರೆ. ಕೆಲಸದಿಂದ ತೆಗೀಲೇಬೇಕು ಅಂತ ಕೇಂದ್ರದ ನಿಯಮ ಹೇಳಲ್ಲ, ಅದು ಡಿಸ್ಟ್ರಿಕ್ಟ್‌ಗೆ ಬಿಟ್ಟದ್ದು. ಕ್ಯಾಲಿಫೋರ್ನಿಯಾದಲ್ಲಿ ಕಾಯಂ ಆದ ಸರ್ಕಾರಿ ನೌಕರರಿಗೆ ತೆಗೆಯುವ ಮುಂಚೆ ತಮ್ಮ ಮಾತು ಹೇಳಿಕೊಳ್ಳುವ ಹಕ್ಕಿದೆ, ಸ್ಕೆಲ್ಲಿ ಹಿಯರಿಂಗ್ ಅಂತಾರೆ. ಆದರೆ ಹೆಸರು ಕ್ಲಿಯರಿಂಗ್‌ಹೌಸ್ ಅನ್ನೋ ದೇಶವ್ಯಾಪಿ ಪಟ್ಟಿಗೆ ಹೋಗುತ್ತೆ, ಕಡಿಮೆ ಅಂದರೂ 5 ವರ್ಷ ಅಲ್ಲೇ ಇರುತ್ತೆ. 2024ರ ನವೆಂಬರ್ 18ರಿಂದ ರಾಜ್ಯವೇ ನಿಮ್ಮ ಸಿಡಿಎಲ್ ಅನ್ನು ಸಾಮಾನ್ಯ ಲೈಸೆನ್ಸ್‌ಗೆ ಇಳಿಸಬೇಕು. ವಾಪಸ್ ಬರೋಕೆ ಸಲಹೆಗಾರರ ಬಳಿ ಹೋಗಿ, ಅವರು ಹೇಳಿದ್ದು ಮುಗಿಸಿ, ಮತ್ತೆ ಟೆಸ್ಟ್ ಪಾಸಾಗಿ, ಮೊದಲ ವರ್ಷ ಕಡಿಮೆ ಅಂದರೂ 6 ದಿಢೀರ್ ಟೆಸ್ಟ್ ಕೊಡಬೇಕು.

ಇನ್ನೊಂದು ಮಾತು, ಇದು ಬಸ್ಸಿಗೆ ಸಂಬಂಧಿಸಿದ್ದಲ್ಲ. ಗ್ರೀನ್ ಕಾರ್ಡ್‌ನಲ್ಲಿದ್ದು ಪೌರತ್ವಕ್ಕೆ ಅರ್ಜಿ ಹಾಕುವವರಿದ್ದರೆ, ರಾಜ್ಯದಲ್ಲಿ ಲೀಗಲ್ ಆದ ಗಾಂಜಾ ಕೂಡ ಅಡ್ಡ ಬರಬಹುದು ಅಂತ ವಲಸೆ ಇಲಾಖೆ 2019ರಲ್ಲೇ ಹೇಳಿದೆ.

ಈಗ ಪಾಯಸ. ಗಸಗಸೆ ಬರೋದು ಅಫೀಮಿನ ಗಿಡದಿಂದಲೇ, ಬೀಜದ ಮೇಲೆ ಒಂಚೂರು ಮಾರ್ಫೀನ್ ಅಂಟಿಕೊಂಡಿರುತ್ತೆ. ಹಿಂದೆ ಒಂದು ಮಿಲಿ ಮೂತ್ರಕ್ಕೆ 300 ನ್ಯಾನೊಗ್ರಾಂ ಮಿತಿ ಇದ್ದಾಗ ಗಸಗಸೆ ಉದುರಿಸಿದ ಬ್ರೆಡ್ ತಿಂದವರೂ ಸಿಕ್ಕಿಬೀಳ್ತಿದ್ದರು, ಅದಕ್ಕೇ 1998ರಲ್ಲಿ ಅದನ್ನು 2,000ಕ್ಕೆ ಏರಿಸಿದರು. ಅದನ್ನು ದಾಟಿದರೂ 15,000ಕ್ಕಿಂತ ಕಡಿಮೆ ಇದ್ದರೆ, ಅಕ್ರಮ ಬಳಕೆಯ ಬೇರೆ ಕುರುಹು ಸಿಗದೆ ಡಾಕ್ಟರ್ ಪಾಸಿಟಿವ್ ಅನ್ನುವಂತಿಲ್ಲ. 15,000 ದಾಟಿದರೆ ಮಾತ್ರ ಗಸಗಸೆಯ ಕಥೆ ಕೇಳಲ್ಲ. ಆದರೂ ನಮ್ಮ ಪಾಯಸ ಅಂದರೆ ಬ್ರೆಡ್ ಮೇಲೆ ಉದುರಿಸಿದ ನಾಲ್ಕು ಕಾಳಲ್ಲ, ಬಟ್ಟಲುಗಟ್ಟಲೆ ರುಬ್ಬಿದ್ದು. ನಾನಾಗಿದ್ದರೆ ಆ ಕೆಲಸದಲ್ಲಿರುವಷ್ಟು ದಿನ ಹಬ್ಬಕ್ಕೆ ಶಾವಿಗೆ ಪಾಯಸ ಮಾಡ್ಕೊಳ್ತಿದ್ದೆ. ಹಾಗೇ ಅಮ್ಮ ಕಳಿಸಿದ ದಶಮೂಲಾರಿಷ್ಟದಲ್ಲೂ ಮದ್ಯದ ಅಂಶ ಇರುತ್ತೆ, ಔಷಧಿ ಅಂದರೂ ನಿಯಮಕ್ಕೆ ಅದು ಮದ್ಯವೇ. ಬೆಳಗಿನ ಟ್ರಿಪ್‌ಗೆ ಮುಂಚೆ ಬೇಡ, ರಾತ್ರಿ ಊಟ ಆದಮೇಲೆ ಕುಡೀರಿ.