ಬಣ್ಣಕ್ಕಿಂತ ಮೊದಲು ಗೋಡೆಗೆ ಫಾಯಿಲ್ ಅಂಟಿಸಿ

ಬಾಡಿಗೆ ಮನೆ ಖಾಲಿಯಾದ ವಾರದಲ್ಲೇ ಪೇಂಟರ್ ಬರುತ್ತಾರೆ. ಹಳಬರ ಅಡ್ವಾನ್ಸಿನಲ್ಲಿ ಓನರ್ ಬಣ್ಣದ ಬಾಬ್ತು ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡಿರುತ್ತಾರೆ, ಆ ದುಡ್ಡಿನಲ್ಲಿ ಬೂಷ್ಟು ಹಿಡಿದ ಗೋಡೆಯ ಮೇಲೆ ಎರಡು ಕೋಟ್ ಬೀಳುತ್ತದೆ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಅದೇ ಮೂಲೆಯಲ್ಲಿ ಮತ್ತೆ ಕಪ್ಪು ಚುಕ್ಕೆ. ‘ನೀವು ಮನೆಯೊಳಗೇ ಬಟ್ಟೆ ಒಣಹಾಕ್ತೀರಿ’ ಅಂತ ಓನರ್, ‘ನಿಮ್ಮ ಗೋಡೇನೇ ಸೋರುತ್ತೆ ಸಾರ್’ ಅಂತ ಬಾಡಿಗೆಯವರು. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ನೀರು ಎಲ್ಲಿಂದ ಬಂತು ಅಂತ ನೋಡುವ ಗೋಜಿಗೆ ಇಬ್ಬರೂ ಹೋಗಿರುವುದಿಲ್ಲ.

ಅದನ್ನು ನೋಡುವುದು ಕಷ್ಟವೇನಲ್ಲ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಒಂದು ಅಡಿ ಚೌಕ ಕತ್ತರಿಸಿ. ಬೂಷ್ಟು ಬಂದ ಜಾಗದ ಪಕ್ಕದಲ್ಲಿ ಉದುರುವ ಬಣ್ಣ ಕೆರೆದು, ಒಣಬಟ್ಟೆಯಿಂದ ಒರೆಸಿ, ಫಾಯಿಲ್ ಇಟ್ಟು ನಾಲ್ಕೂ ಅಂಚಿಗೆ ಅಗಲದ ಟೇಪ್ ಹಾಕಿ. ಒಂದು ಕಡೆ ಗಾಳಿ ಆಡಿದರೂ ಪರೀಕ್ಷೆ ಕೆಟ್ಟಿತು. ಹೋಲಿಸಿ ನೋಡಲು ಇನ್ನೊಂದು ತುಂಡನ್ನು ಮನೆಯ ಒಣಗೋಡೆಗೂ ಅಂಟಿಸಿ. ಎರಡು ದಿನ ಬಿಡಿ. ನಿಮ್ಮ ಕಡೆಗಿರುವ ಮುಖದಲ್ಲಿ ಹನಿ ಕೂತಿದ್ದರೆ ನೀರು ಕೋಣೆಯ ಗಾಳಿಯದು. ಬಿಚ್ಚಿದಾಗ ಗೋಡೆಯ ಕಡೆಯ ಮುಖ ಒದ್ದೆಯಿದ್ದರೆ ನೀರು ಗೋಡೆಯೊಳಗಿನದು. ಎರಡೂ ಒದ್ದೆ ಇರುವುದೂ ಉಂಟು. ಆಗ ಮೊದಲು ಗೋಡೆಯ ರಿಪೇರಿ. ಎರಡೂ ಒಣಗಿದ್ದರೆ ಗೋಡೆ ಸರಿಯಿದೆ ಅಂತ ತೀರ್ಪು ಕೊಡಬೇಡಿ. ಫೆಬ್ರವರಿಯಲ್ಲಿ ಮಾಡಿದ ಪರೀಕ್ಷೆ ಆಗಸ್ಟಿನ ಗೋಡೆಯ ಬಗ್ಗೆ ಏನೂ ಹೇಳುವುದಿಲ್ಲ, ಮಳೆ ಹಿಡಿದಾಗ ಇನ್ನೊಮ್ಮೆ ಅಂಟಿಸಿ.

ಗಾಳಿಯ ನೀರು ಅಂದರೆ ಹೆಚ್ಚಿನವರು ನಂಬುವುದಿಲ್ಲ, ‘ಗೋಡೆ ಮುಟ್ಟಿದರೆ ಒಣಗೇ ಇದೆಯಲ್ಲ’ ಅನ್ನುತ್ತಾರೆ. ಬೂಷ್ಟಿಗೆ ಹನಿ ಬೇಕಿಲ್ಲ. ಗೋಡೆಯ ಮೈಮೇಲಿನ ಆರ್ದ್ರತೆ ಕೆಲವು ದಿನ ಶೇ. 80ರ ಆಸುಪಾಸಿನಲ್ಲಿ ನಿಂತರೆ ಸಾಕು. ಕೋಣೆ 24 ಡಿಗ್ರಿ, ಆರ್ದ್ರತೆ ಶೇ. 75 ಅಂತಿಟ್ಟುಕೊಳ್ಳಿ. ಗೋಡೆ ಒಂದೇ ಒಂದು ಡಿಗ್ರಿ ತಣ್ಣಗಿದ್ದರೂ ಅದರ ಮೈಯಲ್ಲಿ ಶೇ. 80 ಆಗಿಬಿಡುತ್ತದೆ. ಬೆಂಗಳೂರಿನ ಮನೆಗಳಲ್ಲಿ ಬಿಸಿಲು ಬೀಳದ ಹೊರಗೋಡೆಗೆ ಒತ್ತಿ ನಿಲ್ಲಿಸಿದ ಬೀರುವಿನ ಹಿಂದೆ ಆಗುವುದು ಇದೇ. ಅಲ್ಲಿ ಗಾಳಿಯೂ ಇಲ್ಲ, ಕೋಣೆಯ ಶಾಖವೂ ತಲುಪುವುದಿಲ್ಲ. ಬೀರುವನ್ನು ಮೂರು ಇಂಚು ಮುಂದಕ್ಕೆ ಎಳೆಯಿರಿ, ಸಾಧ್ಯವಿದ್ದರೆ ಒಳಗೋಡೆಗೆ ಸರಿಸಿ. ನುಸಿಗುಳಿಗೆ ಹುಳಕ್ಕೆ ಸರಿ, ಬೂಷ್ಟಿಗೆ ಉಪಯೋಗವಿಲ್ಲ. ಬೀರುವಿನೊಳಗೆ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಇಡಬಹುದು, ನೀರು ತುಂಬಿದಾಗ ಬದಲಿಸುವುದನ್ನು ಮರೆಯದಿದ್ದರೆ.

ಆರ್ದ್ರತೆ ಅಳೆಯುವ, ಕೆಲವು ನೂರು ರೂಪಾಯಿಯ ಹೈಗ್ರೋಮೀಟರ್ ಒಂದು ಮನೆಯಲ್ಲಿರಲಿ, ಆರ್ದ್ರತೆ ಶೇ. 60ರೊಳಗೆ ಇದ್ದರೆ ನೆಮ್ಮದಿ. ಬೆಂಗಳೂರು, ಮೈಸೂರಿನಲ್ಲಿ ಮಳೆ ಬಿಟ್ಟು ಬಿಸಿಲು ಬಂದ ಮಧ್ಯಾಹ್ನ ಕಿಟಕಿ ತೆರೆದರೆ ಅಂಕಿ ಇಳಿಯುತ್ತದೆ. ಮಂಗಳೂರು, ಉಡುಪಿ, ಮಲೆನಾಡಿಗೆ ಈ ಬುದ್ಧಿಮಾತು ಹೇಳಬಾರದು. ಜುಲೈಯಲ್ಲಿ ಅಲ್ಲಿ ಹೊರಗಿನ ಗಾಳಿಯೇ ಒದ್ದೆ. ದಿನವಿಡೀ ಕಿಟಕಿ ತೆರೆದಿಟ್ಟರೆ ನೀರನ್ನು ಒಳಗೆ ಕರೆದಂತೆ. ಅಲ್ಲಿ ಫ್ಯಾನ್, ಅಡುಗೆ ಮತ್ತು ಸ್ನಾನದ ಹೊತ್ತಿಗೆ ಎಕ್ಸಾಸ್ಟ್, ಎಸಿ ಇದ್ದರೆ ಡ್ರೈ ಮೋಡ್. ಬಟ್ಟೆ ಒಳಗೇ ಒಣಗಬೇಕಾದರೆ ಒಂದೇ ಕೋಣೆಯಲ್ಲಿ, ಬಾಗಿಲು ಹಾಕಿ, ಎಕ್ಸಾಸ್ಟ್ ಓಡಿಸಿ. ಮೆಷಿನ್‌ನಲ್ಲಿ ಹಿಂಡಿದ ಐದು ಕೆಜಿ ಬಟ್ಟೆಯಲ್ಲೂ ಎರಡು ಮೂರು ಲೀಟರ್ ನೀರಿರುತ್ತದೆ.

ಗೋಡೆಯೊಳಗಿನ ನೀರಾದರೆ ಜಾಗವೇ ಸುಳಿವು ಕೊಡುತ್ತದೆ. ನೆಲದಿಂದ ಎರಡು ಮೂರು ಅಡಿವರೆಗೆ ಕಲೆಯಿದ್ದು ಬಿಳಿ ಪುಡಿ ಉದುರುತ್ತಿದ್ದರೆ ನೆಲದಿಂದ ಏರಿದ ತೇವ. ಆ ಬಿಳಿ ಬೂಷ್ಟಲ್ಲ, ಉಪ್ಪು. ಒಂದು ಹನಿ ನೀರು ಹಾಕಿದರೆ ಕರಗುತ್ತದೆ. ಕಿಟಕಿಯ ಕೆಳಮೂಲೆಯಾದರೆ ಚೌಕಟ್ಟಿನ ಸಂದು. ಬೇಸಿಗೆಯಲ್ಲೂ ಆರದಿದ್ದರೆ, ಗೋಡೆಯ ಆಚೆ ಬಚ್ಚಲಿದ್ದರೆ, ಟೈಲ್ಸ್ ಸಂದು ಅಥವಾ ನಹಾನಿ ಟ್ರ್ಯಾಪಿನ (ಬಚ್ಚಲ ನೆಲದಲ್ಲಿ ನೀರು ಹೋಗುವ ಜಾಲರಿಯ) ಸುತ್ತ ಅನುಮಾನಪಡಿ. ತಾರಸಿ, ಪೈಪು, ಬಚ್ಚಲು ಬಾಡಿಗೆಯವರ ಕೈಯಲ್ಲಿ ಆಗುವ ಕೆಲಸಗಳಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಕಟ್ಟಡದ ರಿಪೇರಿ, ಪೈಪು, ಗೋಡೆಗೆ ಸುಣ್ಣ ಬಣ್ಣ ಇವನ್ನೆಲ್ಲ ಮಾಲೀಕರ ಪಾಲಿಗೇ ಬರೆದಿದೆ. ಅದು ಮಾದರಿ ಮಾತ್ರ, ರಾಜ್ಯಗಳು ಅಳವಡಿಸಿಕೊಂಡರಷ್ಟೇ ಕಾನೂನು. ಹಾಗಾಗಿ ನಿಮ್ಮ ಕರಾರುಪತ್ರದಲ್ಲಿ ಏನಿದೆ ನೋಡಿ. ಮನೆಗೆ ಬಂದ ದಿನವೇ ಗೋಡೆಗಳ ಫೋಟೊ, ಬಿಚ್ಚಿದ ಫಾಯಿಲಿನ ಫೋಟೊ ಓನರ್‌ಗೆ ವಾಟ್ಸ್ಆ್ಯಪ್ ಮಾಡಿ. ವಾದಕ್ಕಿಂತ ಚಿತ್ರ ಬೇಗ ಅರ್ಥವಾಗುತ್ತದೆ.

ಬೂಷ್ಟು ತೆಗೆಯುವುದು ಹೀಗೆ. ಮೂರಡಿ ಚೌಕದೊಳಗಿನದಾದರೆ ನೀವೇ ತೆಗೆಯಬಹುದು. ಅದಕ್ಕಿಂತ ದೊಡ್ಡದಾದರೆ, ಅಥವಾ ಮನೆಯಲ್ಲಿ ಅಸ್ತಮಾ ಇರುವವರಿದ್ದರೆ, ಕೆಲಸ ಬೇರೆಯವರಿಗೆ ಕೊಡಿ. ಎನ್95 ಮಾಸ್ಕ್, ರಬ್ಬರ್ ಗ್ಲೌಸ್, ಕನ್ನಡಕ ಹಾಕಿ. ಒಣಗಿದ್ದಾಗ ಬ್ರಷ್ ಆಡಿಸಲೇಬೇಡಿ, ಬೀಜಕಣ ಮನೆಯೆಲ್ಲ ಹಾರುತ್ತದೆ. ಒಂದು ಲೀಟರ್ ನೀರಿಗೆ ಒಂದು ಚಮಚ ಡಿಟರ್ಜೆಂಟ್ ಕಲಸಿ ಮೊದಲು ಒದ್ದೆ ಮಾಡಿ, ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಎಸೆಯಿರಿ. ಬ್ಲೀಚ್ ಟೈಲ್ಸಿಗೆ ಸರಿ, ಲೀಟರಿಗೆ 60 ಮಿ.ಲೀ. ಸಾಕು. ಪುಟ್ಟಿ ಗೋಡೆಯಲ್ಲಿ ಬ್ಲೀಚಿನ ನೀರು ಒಳಗಿಳಿಯುತ್ತದೆ, ಕಲೆ ಬಿಳುಚುತ್ತದೆ, ಬೇರು ಉಳಿಯುತ್ತದೆ. ಟಾಯ್ಲೆಟ್ ಕ್ಲೀನರ್ ಜೊತೆ ಬ್ಲೀಚ್ ಯಾವತ್ತೂ ಬೆರೆಸಬೇಡಿ. ಕ್ಲೀನರಿನಲ್ಲಿ ಆಸಿಡ್ ಇರುತ್ತದೆ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಪೇಂಟರ್‌ಗೆ ಕರೆ ಮಾಡುವುದು ಇದೆಲ್ಲ ಆದ ಮೇಲೆ. ಸೋರಿಕೆ ನಿಲ್ಲಿಸಿದ ಗೋಡೆ ಆರಲು ಅಂದಾಜು ಇಂಚಿಗೊಂದು ತಿಂಗಳು ಹಿಡಿಯುತ್ತದೆ. ಮೆತ್ತಗಾದ ಪುಟ್ಟಿಯನ್ನು ಗಾರೆಯವರೆಗೆ ಕೆರೆಸಿ, ಫಾಯಿಲ್ ಇನ್ನೊಮ್ಮೆ ಅಂಟಿಸಿ. ಗೋಡೆಯ ಕಡೆಯ ಮುಖ ಒಣಗಿ ಬಂದರೆ ಬೂಷ್ಟು ನಿರೋಧಕ ಪ್ರೈಮರ್, ಆಮೇಲೆ ಬಣ್ಣ. ಒದ್ದೆಯಿದ್ದರೆ ಪೇಂಟರ್‌ನ ವಾಪಸ್ ಕಳಿಸಿ.