ಪದ ಪರಿಚಯ: ರೊಟೇಷನ್

ಕಳೆದ ತಿಂಗಳು ಗೋಣಿಕೊಪ್ಪದಲ್ಲಿ ಒಂದು ಮದುವೆ. ಊಟಕ್ಕೆ ಕಾಯುತ್ತಿದ್ದಾಗ ಪರಿಚಯದವರೊಬ್ಬರು ನನ್ನನ್ನು ಪಕ್ಕದವರಿಗೆ ತೋರಿಸಿ, "ಇವ ಆಯಿಲ್ ಕಂಪನಿ ಇಂಜಿನಿಯರ್, ರೊಟೇಷನ್ ಹಾಕಿ ಬಂದಿದ್ದಾನೆ" ಎಂದರು. ಪಕ್ಕದವರು ತಲೆಯಾಡಿಸಿ, "ಎಷ್ಟು ದಿನ ಸ್ಯಾಂಕ್ಷನ್ ಆಗಿದೆ?" ಎಂದು ಕೇಳಿದರು. ಮದುವೆ ಮನೆ, ನಕ್ಕು ಸುಮ್ಮನಾದೆ. ಆದರೆ ಅದೇ ವಾರ ಫೋನಿಗೆ ಒಂದು ಜಾಹೀರಾತು ಬಂತು. ಗಲ್ಫ್‌ನಲ್ಲಿ ಎಣ್ಣೆ ಬಾವಿಯ ಕೆಲಸ, "ವರ್ಷಕ್ಕೆ ಆರು ತಿಂಗಳು ರೊಟೇಷನ್ ರಜೆ". ಅದನ್ನು ಕಳಿಸಿದ್ದು ಪೊನ್ನಂಪೇಟೆ ಕಡೆಯ ಒಬ್ಬ ಹುಡುಗ. ಈಗಷ್ಟೇ ಬಿಇ ಮುಗಿಸಿದ್ದಾನೆ. "ಅಣ್ಣ, ಸೈನ್ ಹಾಕ್ಲಾ?" ಎಂದು ಕೇಳಿದ್ದ. ಇನ್ನು ಸುಮ್ಮನಿರುವುದು ಸರಿಯಲ್ಲ ಅನ್ನಿಸಿತು.

ರೊಟೇಷನ್ ಎಂಬ ಪದ ಕನ್ನಡಕ್ಕೆ ಹೊಸದೇನಲ್ಲ. ಅಂಗಡಿಯವರು "ದುಡ್ಡು ರೊಟೇಷನ್ ಆಗ್ತಿಲ್ಲ" ಎಂದು ಕೊರಗುತ್ತಾರೆ. ಪಂಚಾಯಿತಿ ಚುನಾವಣೆ ಬಂದರೆ ಮೀಸಲಾತಿ ರೊಟೇಷನ್ ಬಗ್ಗೆ ಚಹಾ ಅಂಗಡಿಯಲ್ಲಿ ಜಗಳ ನಡೆಯುತ್ತದೆ. ಅಲ್ಲೆಲ್ಲ ಯಾರೂ ತಪ್ಪು ಮಾಡುವುದಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಬೇಕು, ಮತ್ತೆ ತಿರುಗಿ ಬರಬೇಕು. ಇಷ್ಟು ಚೆನ್ನಾಗಿ ಗೊತ್ತಿರುವ ಪದ ಎಣ್ಣೆ ಕೆಲಸದವನ ಬಾಯಿಗೆ ಬಂದ ಕೂಡಲೇ ರಜೆ ಆಗಿಬಿಡುತ್ತದೆ.

ಕಾರಣ ನನಗೆ ಗೊತ್ತು. ಕೊಡಗಿನಲ್ಲಿ ದೂರ ಹೋಗಿ ದುಡಿದು ಊರಿಗೆ ಬರುವವರು ಅಂದರೆ ಮೊದಲು ನೆನಪಾಗುವುದು ಸೈನ್ಯದವರು. ಮನೆಗೊಬ್ಬ ಸೈನಿಕ ಇರುವ ಊರುಗಳಿವು. ಟ್ರಂಕ್ ಹೊತ್ತು ಬಂದವನನ್ನು "ಲೀವ್ ಎಷ್ಟು ದಿನ?" ಎಂದು ಕೇಳುವುದು ಇಲ್ಲಿ "ಊಟ ಆಯ್ತಾ?" ಎಂದಷ್ಟೇ ಸಹಜ. ನಮ್ಮಪ್ಪನೂ ಸೈನ್ಯದಲ್ಲಿದ್ದವರೇ. ಅವರ ಆನ್ಯುಯಲ್ ಲೀವ್ ಕೇಳಿ ಪಡೆಯುವಂಥದ್ದು. ಅರ್ಜಿ ಕೊಡಬೇಕು, ಮಂಜೂರಾಗಬೇಕು, ಗಡಿಯಲ್ಲಿ ಏನಾದರೂ ಆದರೆ ಅರ್ಧಕ್ಕೇ ವಾಪಸ್ ಕರೆಸಿಕೊಳ್ಳುತ್ತಾರೆ. ತೆಗೆದುಕೊಂಡ ದಿನಗಳು ಲೆಕ್ಕದಿಂದ ಕಳೆಯುತ್ತವೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷವಿಡೀ ಅಪ್ಪ, "ಇಷ್ಟು ಲೀವ್ ತಗೊಂಡ್ರೆ ಪ್ರಮೋಷನ್ ಹೇಗೋ ಕೊಡ್ತಾರೆ?" ಎಂದು ಚಿಂತೆ ಮಾಡಿದರು.

ರೊಟೇಷನ್‌ನಲ್ಲಿ ಅರ್ಜಿಯೂ ಇಲ್ಲ, ಮಂಜೂರಾತಿಯೂ ಇಲ್ಲ. ನೇಮಕದ ಪತ್ರದಲ್ಲೇ 28/28 ಎಂದೋ 14/14 ಎಂದೋ 35/35 ಎಂದೋ ಬರೆದಿರುತ್ತದೆ. ಮೊದಲ ಅಂಕಿ ಕೆಲಸದ ದಿನ, ಎರಡನೆಯದು ಮನೆಯ ದಿನ. (ನಮ್ಮ ಚಿಕ್ಕಮ್ಮ 28/28 ನೋಡಿ "ಫುಲ್ ಮಾರ್ಕ್ಸ್ ಬಂದಿದೆಯಲ್ಲ" ಎಂದಿದ್ದರು.) ಮುಂಬೈ ಹೈ ಎಂಬ ಎಣ್ಣೆ ಕ್ಷೇತ್ರದ ಕಡೆಯ ಸಮುದ್ರದ ಕೆಲಸಕ್ಕೆ 14/14 ಹಳೆಯ ರೂಢಿ. ನಾರ್ವೆಯವರು ಎರಡು ವಾರ ದುಡಿದು ನಾಲ್ಕು ವಾರ ಮನೆಯಲ್ಲಿರುತ್ತಾರೆ, ಅದು ಅವರ ಪುಣ್ಯ. ಮನೆಯ ದಿನಗಳಿಗೆ ನಮ್ಮವರು ಬಳಸುವ ಪದ "ಆಫ್". ಇದನ್ನೂ ಊರಲ್ಲಿ ನೋಡಿಕೊಂಡು ಹೇಳಬೇಕು. "ನಾನು ಆಫ್‌ನಲ್ಲಿದ್ದೇನೆ" ಅಂದರೆ ಗಂಡಸರು ಗ್ಲಾಸು ನೆನೆಯುತ್ತಾರೆ.

ಈಗ ಲೆಕ್ಕ. ಕೆಲಸದ 28 ದಿನವೂ ದಿನಕ್ಕೆ 12 ಗಂಟೆ. ಭಾನುವಾರ ಇಲ್ಲ, ದೀಪಾವಳಿ ಇಲ್ಲ, ಜ್ವರ ಬಂದರೂ ಮನೆಗೆ ಹೋಗಿ ಮಲಗುತ್ತೇನೆ ಅನ್ನಲು ಸುತ್ತ ನೀರು. ಒಟ್ಟು 336 ಗಂಟೆ. ವಾರಕ್ಕೆ ಐದು ದಿನ, ದಿನಕ್ಕೆ ಎಂಟು ಗಂಟೆ ಆಫೀಸಿಗೆ ಹೋಗುವವರು, ನನ್ನ 28 ಕೆಲಸದ ದಿನ, 28 ಮನೆಯ ದಿನ ಸೇರಿದ ಅದೇ ಎಂಟು ವಾರದಲ್ಲಿ ಮಾಡುವುದು 320 ಗಂಟೆ. ಹಬ್ಬದ ರಜೆ ಕಳೆದರೆ ಇನ್ನೂ ಕಡಿಮೆ. ಅಂದರೆ ಬಾವಿ ಕೊರೆಯುವ ರಿಗ್‌ನಿಂದ ಇಳಿದು ಹೆಲಿಕಾಪ್ಟರ್ ಹತ್ತುವ ಹೊತ್ತಿಗೆ ನಾನು ಎರಡು ತಿಂಗಳ ಕೆಲಸ ಮುಗಿಸಿ ಮೇಲೆ 16 ಗಂಟೆ ಕೊಟ್ಟಿರುತ್ತೇನೆ. ವಾರಕ್ಕೆ ಆರು ದಿನ ದುಡಿಯುವವರದ್ದು 384 ಆಗುತ್ತದೆ, ಅವರ ಜೊತೆ ನನ್ನ ತಕರಾರಿಲ್ಲ. ಆದರೆ ಬೆಂಗಳೂರಿನ ಐದು ದಿನದ ಭಾವಮೈದ "ನಿಮ್ಗೇನು ಬಿಡಿ ಭಾವ, ಅರ್ಧ ವರ್ಷ ರಜೆ" ಅಂದಾಗ ಮಾತ್ರ ಮೈ ಉರಿಯುತ್ತದೆ.

ಪದದ ಬೇರು ನೋಡಿದರೆ ಇಷ್ಟು ಗೊಂದಲಕ್ಕೆ ಜಾಗವೇ ಇಲ್ಲ. ಲ್ಯಾಟಿನ್‌ನಲ್ಲಿ ರೋಟಾ ಅಂದರೆ ಚಕ್ರ. ನಮ್ಮ "ರಥ" ಇದರ ದೂರದ ನೆಂಟ, ಎರಡೂ ಒಂದೇ ಹಳೆಯ ಬೇರಿನಿಂದ ಬಂದವು. ರೌಂಡ್, ರೋಲ್ ಕೂಡ ಇದೇ ಮನೆಯವು. ತೇರು ಎಳೆಯುವಾಗ ಚಕ್ರದ ಕೆಳಗಿನ ಭಾಗ ನೆಲ ಮುಟ್ಟಿರುತ್ತದೆ, ಮೇಲಿನದ್ದು ಗಾಳಿಯಲ್ಲಿರುತ್ತದೆ. ಮೇಲಿನ ಅರ್ಧ ರಜೆಯಲ್ಲಿದೆ ಅಂತ ಯಾರಾದರೂ ಹೇಳುತ್ತಾರಾ? ರಿಗ್‌ನಲ್ಲಿ ಈ ಪದಕ್ಕೆ ಇನ್ನೂ ನೇರವಾದ ಕೆಲಸವಿದೆ. ನೆಲ ಕೊರೆಯುವ ಪೈಪು ಗಿರಗಿರನೆ ತಿರುಗುವುದಕ್ಕೂ ರೊಟೇಷನ್ ಅನ್ನುತ್ತಾರೆ. ಹಿಂದೆ ಅದನ್ನು ತಿರುಗಿಸುತ್ತಿದ್ದದ್ದು ರಿಗ್ ನೆಲದಲ್ಲಿ ಕೂತ ರೋಟರಿ ಟೇಬಲ್. ಈಗ ಹೆಚ್ಚಾಗಿ ಮೇಲಿನಿಂದ ಟಾಪ್ ಡ್ರೈವ್ ಎಂಬ ಯಂತ್ರ ತಿರುಗಿಸುತ್ತದೆ. ಅಲ್ಲಿ "ರೊಟೇಷನ್ ನಿಲ್ಲಿಸಿ" ಅಂದರೆ ಯಾರೂ ಮನೆಗೆ ಹೋಗಲ್ಲ, ಪೈಪು ನಿಲ್ಲುತ್ತದೆ ಅಷ್ಟೇ.

ಇದರ ಪಕ್ಕದ ಪದ "ಟೂರ್". ಇದರ ಕಥೆ ಇನ್ನೂ ಚೆಂದ. ಅಮೆರಿಕದ ರೂಢಿಯಲ್ಲಿ ನಡೆಯುವ ರಿಗ್‌ಗಳಲ್ಲಿ ಒಂದು ಪಾಳಿಗೆ ಟೂರ್ ಎಂದು ಬರೆಯುತ್ತಾರೆ, ಆದರೆ "ಟವರ್" ಎಂದು ಓದುತ್ತಾರೆ. ದಿನದ ವರದಿಯ ಹಾಳೆಯೂ ಟವರ್ ಶೀಟ್. ಹೊಸದರಲ್ಲಿ ಒಬ್ಬ ಡ್ರಿಲ್ಲರ್ "ನೀನು ನೈಟ್ ಟವರ್" ಎಂದಾಗ ನಾನು ತಲೆಯೆತ್ತಿ ರಿಗ್ ಮೇಲಿನ ಎತ್ತರದ ಗೋಪುರ, ಡೆರಿಕ್ ನೋಡಿದ್ದೆ, ರಾತ್ರಿಯಿಡೀ ಅದರ ತುದಿಗೆ ಹತ್ತಿಸುತ್ತಾರೋ ಏನೋ ಎಂದು. ಟೂರ್ ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ, ಅದಕ್ಕೂ ಹಿಂದೆ ಹೋದರೆ ಲ್ಯಾಟಿನ್ನಿನ ಟೋರ್ನಸ್, ಅಂದರೆ ಮರ ಕಡೆಯುವ ಲೇತು. ಟರ್ನ್ ಎಂಬುದೂ ಅಲ್ಲಿಂದಲೇ. ಹಾಗಾಗಿ ಟೂರ್ ಅಂದರೂ ಸುತ್ತು, ಸರದಿ. ನಮ್ಮ ಕಡೆ ಟೂರ್ ಅಂದರೆ ಊಟಿ, ಧರ್ಮಸ್ಥಳ. ನಾನು ಕೆಲಸಕ್ಕೆ ಹೋದಾಗ "ಟೂರ್ ಮೇಲೆ ಹೋಗಿದ್ದಾನೆ", ಬಂದಾಗ "ರಜೆ ಮೇಲೆ ಬಂದಿದ್ದಾನೆ". ಇವರ ಪ್ರಕಾರ ನಾನು ದುಡಿಯುವುದು ಯಾವಾಗ?

ಇನ್ನೂ ಎರಡು ರೊಟೇಷನ್‌ಗಳಿವೆ, ಬೇಗ ಮುಗಿಸುತ್ತೇನೆ. ಸುರತ್ಕಲ್ ಕಡೆಯ ರಿಫೈನರಿಯಂಥ ಜಾಗದಲ್ಲಿ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಶಿಫ್ಟ್ ತಿರುಗುತ್ತದೆ. ಅದು ಪಾಳಿ. ಪಾಳಿಯವನು ದಿನಾ ಮನೆಗೆ ಹೋಗುತ್ತಾನೆ, ನಿದ್ದೆ ಮಾತ್ರ ಕೆಡುತ್ತದೆ. ಇನ್ನೊಂದು ಜಾಬ್ ರೊಟೇಷನ್. ಹೊಸ ಇಂಜಿನಿಯರ್‌ಗಳನ್ನು ಕೆಲವು ತಿಂಗಳು ಡ್ರಿಲ್ಲಿಂಗ್‌ನಲ್ಲಿ, ಕೆಲವು ತಿಂಗಳು ಪ್ರೊಡಕ್ಷನ್‌ನಲ್ಲಿ, ಕೆಲವು ತಿಂಗಳು ನೆಲದಡಿಯ ಎಣ್ಣೆಯ ಲೆಕ್ಕ ನೋಡುವ ರಿಸರ್ವಾಯರ್ ವಿಭಾಗದಲ್ಲಿ ಇಟ್ಟು ಕಲಿಸುವುದು. ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ಆದರೆ ಇಂಥ ಹುಡುಗನೊಬ್ಬ ಮನೆಗೆ ಫೋನ್ ಮಾಡಿ "ನಂಗೆ ಎರಡು ವರ್ಷದಲ್ಲಿ ನಾಲ್ಕು ರೊಟೇಷನ್" ಅಂದದ್ದಕ್ಕೆ ಅವನ ಅಮ್ಮ ನಾಲ್ಕು ಸಲ ಬರುತ್ತಾನೆಂದು ಊರಿಗೆಲ್ಲ ಹೇಳಿ ಬಂದರು.

ನನಗೆ ಮುಖ್ಯ ಅನ್ನಿಸುವ ವ್ಯತ್ಯಾಸ ಬೇರೆಯೇ ಇದೆ. ರಜೆ ಹಾಕಿದರೆ ಕುರ್ಚಿ ಖಾಲಿ. ಫೈಲು ಮೇಜಿನ ಮೇಲೆ ಕಾಯುತ್ತದೆ. ರೊಟೇಷನ್‌ನಲ್ಲಿ ಕುರ್ಚಿ ಒಂದು ನಿಮಿಷವೂ ಖಾಲಿ ಇರುವುದಿಲ್ಲ. ನಾನು ಎದ್ದ ಕುರ್ಚಿಯಲ್ಲಿ ಕೂರಲು ಇನ್ನೊಬ್ಬ ಬರುತ್ತಾನೆ. ಅವನಿಗೆ "ಬ್ಯಾಕ್ ಟು ಬ್ಯಾಕ್" ಅನ್ನುತ್ತೇವೆ. ಬೇರೆಲ್ಲ ಕಡೆ ಈ ಮಾತಿಗೆ ಒಂದರ ಹಿಂದೆ ಒಂದು ಎಂದು ಅರ್ಥ, ನಮ್ಮಲ್ಲಿ ಅದೊಬ್ಬ ಮನುಷ್ಯ. ಒಂದೇ ಮಂಚ, ಒಂದೇ ಮೇಜು, ಒಂದೇ ಕೆಲಸ, ಆದರೆ ಇಬ್ಬರೂ ಒಟ್ಟಿಗೆ ಕೂತು ಊಟ ಮಾಡಿದ್ದು ವರ್ಷದಲ್ಲಿ ನಾಲ್ಕು ಸಲ ಇದ್ದರೆ ಹೆಚ್ಚು. ಗದ್ದೆ ನಾಟಿಗೆ ನೀನು ನನಗೆ, ನಾನು ನಿನಗೆ ಎಂದು ದುಡಿಯುವ ಮುಯ್ಯಾಳಿನ ಲೆಕ್ಕವೇ ಇದು. ಕನ್ನಡದಲ್ಲಿ ಒಂದು ಪದ ಬೇಕೇ ಬೇಕು ಅಂದರೆ ನಾನು ಮುಯ್ಯಿಯ ಹತ್ತಿರವೇ ಹುಡುಕುತ್ತೇನೆ, ರಜೆಯ ಹತ್ತಿರ ಅಲ್ಲ.

ಆ ಇಬ್ಬರ ನಡುವೆ ದಾಟಬೇಕಾದ್ದು ಹ್ಯಾಂಡೋವರ್. ಬಾಯಲ್ಲಿ ಹೇಳಿ, ಬರೆದು ಕೊಟ್ಟು, ಸಹಿ ಮಾಡಿಸಿಕೊಂಡು ಹೊರಡಬೇಕು. ಇದು ಬರೀ ಕಾಗದದ ಶಿಸ್ತಲ್ಲ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ಪ್ಲಾಟ್‌ಫಾರ್ಮ್‌ನಲ್ಲಿ ಹಗಲಿನವರು ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿದ್ದರು. ರಿಪೇರಿ ಮುಗಿದಿರಲಿಲ್ಲ. ವಾಲ್ವ್ ಇದ್ದ ಜಾಗಕ್ಕೆ ಒಂದು ಮುಚ್ಚಳ ಹಾಕಿ ಬಿಟ್ಟಿದ್ದರು. ಆ ಸುದ್ದಿ ರಾತ್ರಿಯವರಿಗೆ ದಾಟಲಿಲ್ಲ. ರಾತ್ರಿ ಇನ್ನೊಂದು ಪಂಪು ನಿಂತಿತು. ವಾಲ್ವ್ ಬಿಚ್ಚಿದ್ದ ಪಂಪು ಸರಿಯಿದೆ ಅಂದುಕೊಂಡು ಅದನ್ನು ಚಾಲೂ ಮಾಡಿದರು. ಗ್ಯಾಸ್ ಸೋರಿತು, ಸ್ಫೋಟವಾಯಿತು, 167 ಜನ ಸತ್ತರು. ಆಮೇಲೆ ನ್ಯಾಯಾಧೀಶ ಲಾರ್ಡ್ ಕಲನ್ ಅವರ ತನಿಖೆ ನಡೆದು 1990ರಲ್ಲಿ 106 ಶಿಫಾರಸುಗಳು ಬಂದವು. ಪಾಳಿ ಬದಲಾಗುವಾಗ ಹೇಳದೆ ಉಳಿದ ಒಂದು ಮಾತು ಅಷ್ಟು ಮಾಡಿತು. ಮನೆಗೆ ಬಂದ ಮೊದಲ ರಾತ್ರಿ "ಅವನಿಗೆ ಅದು ಹೇಳಿದ್ನಾ ಇಲ್ವಾ" ಎಂದು ನಾನು ಎದ್ದು ಕೂರುವುದಕ್ಕೆ ಇದೇ ಕಾರಣ. ರಜೆಯಲ್ಲಿ ಬಂದವರಿಗೆ ಹೀಗಾಗುತ್ತದಾ?

ಇನ್ನು ಮನೆಯ ಆ 28 ದಿನಗಳ ಸಂಗತಿ. ಕೊಡಗಿಗೆ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ. ವಿರಾಜಪೇಟೆ ಕಡೆಯವರಿಗೆ 2018ರ ಡಿಸೆಂಬರ್‌ನಲ್ಲಿ ಕಣ್ಣೂರು ನಿಲ್ದಾಣ ಶುರುವಾದದ್ದು ದೊಡ್ಡ ಉಪಕಾರ. ಆದರೂ ಮಳೆಗಾಲದಲ್ಲಿ ಅಲ್ಲಿಗೆ ಹೋಗುವ ದಾರಿಯ ಮಾಕುಟ್ಟ ಘಾಟಿಯನ್ನು ನಂಬಿ ಟಿಕೆಟ್ ಮಾಡಲಾಗದು, ಒಂದು ದಿನ ಮೊದಲೇ ಹೊರಡಬೇಕು. ಹೋಗಿ ಬರುವುದಕ್ಕೆ ಮೂರು ದಿನ ಕಳೆಯಿರಿ. ರಾತ್ರಿ ಪಾಳಿಯಿಂದ ಬಂದ ದೇಹ ಹಗಲಿಗೆ ಹೊಂದಲು ಇನ್ನೊಂದು ನಾಲ್ಕು ದಿನ. ಈ ನಾಲ್ಕು ದಿನ ಮಧ್ಯಾಹ್ನದ ತನಕ ಮಲಗಿದ್ದಕ್ಕೇ ನನಗೆ ಊರಲ್ಲಿ ಸೋಮಾರಿ ಎಂಬ ಬಿರುದು. ಆಮೇಲೆ ಕೋರ್ಸುಗಳು. ಸಮುದ್ರಕ್ಕೆ ಹೋಗುವವರಿಗೆ ಬೋಸಿಯೆಟ್ ಎಂಬ ಮೂರು ದಿನದ ತರಬೇತಿ ಇದೆ. ಹೆಲಿಕಾಪ್ಟರ್ ನೀರಿಗೆ ಬಿದ್ದರೆ ಹೊರಬರುವುದು ಹೇಗೆ ಎಂದು ಈಜುಕೊಳದಲ್ಲಿ ತಲೆಕೆಳಗೆ ಮಾಡಿ ಕಲಿಸುತ್ತಾರೆ. ಅದರ ಸರ್ಟಿಫಿಕೇಟು ನಾಲ್ಕು ವರ್ಷ ನಡೆಯುತ್ತದೆ. ಡ್ರಿಲ್ಲರ್ ಮತ್ತು ಸೂಪರ್‌ವೈಸರ್‌ಗಳ ಬಾವಿ ನಿಯಂತ್ರಣದ ಐಡಬ್ಲ್ಯುಸಿಎಫ್ ಪರೀಕ್ಷೆಯದ್ದು ಎರಡೇ ವರ್ಷ. ಆಫೀಸಿನವರಿಗೆ ಟ್ರೈನಿಂಗ್ ಅಂದರೆ ಕೆಲಸದ ದಿನದಲ್ಲಿ ಬಿಸ್ಕತ್ತು, ಕಾಫಿ. ನಾನು ನೋಡಿದ ಹೆಚ್ಚಿನ ಕಡೆ ಇವೆಲ್ಲ ಆಫ್‌ನಲ್ಲೇ ಬರುತ್ತವೆ. ಉಳಿದ ದಿನಗಳಿಗೆ "ಹೇಗೂ ರಜೆಯಲ್ಲಿದ್ದೀಯಲ್ಲ" ಎಂದು ಸ್ಪ್ರಿಂಕ್ಲರ್ ಪೈಪು ಬದಲಾಯಿಸಲು, ಕಣದಲ್ಲಿ ಕಾಫಿ ಕಾಯಲು ಕರೆ ಬರುತ್ತದೆ. ಅದಕ್ಕೆ ಬೇಜಾರಿಲ್ಲ, ಪದಕ್ಕೆ ಬೇಜಾರು.

ಹಬ್ಬದ ಲೆಕ್ಕ ಮಾತ್ರ ಯಾರಿಗೆ ಹೇಳಿದರೂ ನಂಬುವುದಿಲ್ಲ. 28/28ರ ಒಂದು ಪೂರ್ತಿ ಸುತ್ತು 56 ದಿನ. 365ನ್ನು 56ರಿಂದ ಭಾಗಿಸಿದರೆ 29 ಉಳಿಯುತ್ತದೆ. ಅಂದರೆ ವರ್ಷ ತಿರುಗುವಾಗ ಸುತ್ತು ಹೆಚ್ಚುಕಡಿಮೆ ಅರ್ಧ ಮುಂದೆ ಸರಿದಿರುತ್ತದೆ. ಈ ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ ಮನೆಯಲ್ಲಿದ್ದರೆ ಮುಂದಿನ ವರ್ಷ ಅದೇ ದಿನ ರಿಗ್‌ನಲ್ಲಿ. ಹುತ್ತರಿ ಹುಣ್ಣಿಮೆ ನೋಡಿಕೊಂಡು ಬರುವುದರಿಂದ ಅದರದ್ದು ಅದೃಷ್ಟ. "ಹೋದ ವರ್ಷ ರಜೆ ಸಿಕ್ಕಿತ್ತಲ್ಲ, ಈ ಸಲ ಯಾಕೆ ಕೇಳ್ಲಿಲ್ಲ?" ಎನ್ನುವವರಿಗೆ ಈ ಭಾಗಾಕಾರ ತೋರಿಸುತ್ತಲೇ ಇದ್ದೇನೆ.

ಪೊನ್ನಂಪೇಟೆಯ ಹುಡುಗನಿಗೆ ನಾನು ಬರೆದದ್ದು ಇಷ್ಟು. ಮೊದಲ ಅಂಕಿ ಎಷ್ಟು ಕೇಳು, ಜಾಹೀರಾತಿನಲ್ಲಿ ಅದೇ ಇಲ್ಲ. ಸಂಬಳ ತಿಂಗಳ ಲೆಕ್ಕವೋ ಡೇ ರೇಟೋ ಕೇಳು. ಡೇ ರೇಟ್ ಆದರೆ ಮನೆಯ ದಿನಕ್ಕೆ ಒಂದು ಪೈಸೆ ಇಲ್ಲ, "ಸಂಬಳ ಸಹಿತ ರಜೆ" ಅಲ್ಲಿಗೇ ಬಿತ್ತು. ಪ್ರಯಾಣದ ದಿನ ಯಾರ ಲೆಕ್ಕಕ್ಕೆ ಕೇಳು. ಕೊನೆಯದಾಗಿ, ಬ್ಯಾಕ್ ಟು ಬ್ಯಾಕ್ ಬರದಿದ್ದರೆ ಎಷ್ಟು ದಿನ ಉಳಿಯಬೇಕು ಎಂದು ಬರವಣಿಗೆಯಲ್ಲಿ ಕೇಳು.

ಆ ಕೊನೆಯದನ್ನು ನಾನು ಕೇಳಿರಲಿಲ್ಲ. 2020ರಲ್ಲಿ ವಿಮಾನಗಳು ನಿಂತಾಗ ನನ್ನ ಬ್ಯಾಕ್ ಟು ಬ್ಯಾಕ್ ಅವನ ಊರಲ್ಲೇ ಸಿಕ್ಕಿಬಿದ್ದ. ನನ್ನ 28 ದಿನ 91 ಆಯಿತು. ಕಾಫಿ ಹೂ ಬಿಟ್ಟಾಗ ಹೋದವನು ಊರಿಗೆ ಬರುವಾಗ ಮಳೆ ಹಿಡಿದಿತ್ತು. ಬಂದವನನ್ನು ಮನೆಯ ಹಿಂದಿನ ಕೋಣೆಯಲ್ಲಿ 14 ದಿನ ಕ್ವಾರಂಟೈನ್ ಇಟ್ಟರು. ಮೂರನೇ ದಿನ ಪಕ್ಕದ ತೋಟದ ಅಜ್ಜ ಕೊಡೆ ಹಿಡಿದು ಕಿಟಕಿಯಿಂದ ದೂರ ನಿಂತು ವಿಚಾರಿಸಿದರು. ಎಲ್ಲ ಹೇಳಿದೆ. ಕೇಳಿಸಿಕೊಂಡು, "ಕೂತಲ್ಲಿಗೇ ಊಟ, ಹೊರಗೆ ಬರೋ ಹಾಗಿಲ್ಲ, ಕೆಲಸ ಇಲ್ಲ" ಎಂದು ಬೆರಳಲ್ಲಿ ಎಣಿಸಿ, "ಈ ಸಲ ಒಳ್ಳೆ ರೊಟೇಷನ್ ಕೊಟ್ಟಿದ್ದಾರೆ ಮಗ ನಿಂಗೆ" ಎಂದರು.