ಹೆಡ್‌ಫೋನ್‌ನಲ್ಲಿ ನನ್ನ ದನಿಯೇ ನನಗೆ ತಡವಾಗಿ ಕೇಳಿಸುವುದೇಕೆ?

ಪ್ರಶ್ನೆ: ಟ್ಯಾಬ್ಲೆಟ್‌ಗೆ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಮೈಕ್ ಮತ್ತು ಹೆಡ್‌ಫೋನ್ ಸಿಕ್ಕಿಸುವ ಪೆಟ್ಟಿಗೆ) ಜೋಡಿಸಿ ಹಾಡುಗಳನ್ನು ಧ್ವನಿಮುದ್ರಿಸಲು ಹೊರಟಿದ್ದೇನೆ. ಮೈಕ್ ಮುಂದೆ ಹಾಡಿದರೆ ನನ್ನ ದನಿ ಹೆಡ್‌ಫೋನ್‌ನಲ್ಲಿ ಸ್ವಲ್ಪ ಹಿಂದೆ ಬಿದ್ದು ಬರುತ್ತದೆ. ಅದನ್ನು ಕೇಳುತ್ತ ಹಾಡಲು ಹೋದರೆ ಲಯ ಜಾರುತ್ತದೆ. ದೋಷ ಟ್ಯಾಬ್ಲೆಟ್‌ನದೋ, ಇಂಟರ್‌ಫೇಸ್‌ನದೋ? ಯಾವುದನ್ನು ಬದಲಿಸಬೇಕು?

ಉತ್ತರ: ಬಹಳಷ್ಟು ಸಲ ಎರಡನ್ನೂ ಬದಲಿಸಬೇಕಾಗಿಲ್ಲ. ದನಿ ಮೈಕ್‌ನಿಂದ ಕಿವಿಗೆ ಬರುವ ದಾರಿಯನ್ನು ಬದಲಿಸಿದರೆ ಸಾಕು. ಈ ತಡಕ್ಕೆ ಲೇಟೆನ್ಸಿ ಎನ್ನುತ್ತಾರೆ. ಚೆನ್ನಾಗಿ ಹಾಡಬಲ್ಲವರು ಇದರ ಕಾರಣದಿಂದ ತಮ್ಮ ಲಯಜ್ಞಾನವನ್ನೇ ಅನುಮಾನಿಸಿಕೊಂಡು ಧ್ವನಿಮುದ್ರಣದ ಗೊಡವೆಯೇ ಬೇಡವೆಂದು ದೂರ ಸರಿಯುವುದು ನನಗೆ ಬಹಳ ಬೇಸರದ ಸಂಗತಿ. ತಪ್ಪು ನಿಮ್ಮ ಕಂಠದ್ದೂ ಅಲ್ಲ, ಕಿವಿಯದ್ದೂ ಅಲ್ಲ.

ಎಲ್ಲಕ್ಕಿಂತ ಮೊದಲು, ನೀವು ಬಳಸುತ್ತಿರುವುದು ಬ್ಲೂಟೂತ್ ಹೆಡ್‌ಫೋನ್ ಆಗಿದ್ದರೆ ಅದನ್ನು ತೆಗೆದಿಡಿ. ಮುಂದಿನ ಯಾವ ಸಲಹೆಯೂ ಅದರ ಜೊತೆ ಕೆಲಸ ಮಾಡುವುದಿಲ್ಲ. ಬ್ಲೂಟೂತ್‌ನಲ್ಲಿ ಧ್ವನಿಯನ್ನು ಸಂಕುಚಿಸಿ, ತುಂಡು ತುಂಡಾಗಿ ಕಳುಹಿಸಿ, ಆ ಕಡೆ ಮತ್ತೆ ಬಿಡಿಸಬೇಕು. ಸಾಮಾನ್ಯ ಹೆಡ್‌ಫೋನ್‌ಗಳಲ್ಲಿ ಇದಕ್ಕೆ 150ರಿಂದ 250 ಮಿಲಿಸೆಕೆಂಡ್‌ಗಳಷ್ಟು ಹೊತ್ತು ಹಿಡಿಯುವುದು ಅಪರೂಪವಲ್ಲ. ಮನುಷ್ಯನಿಗೆ ತನ್ನದೇ ಮಾತನ್ನು ಸುಮಾರು 200 ಮಿಲಿಸೆಕೆಂಡ್ ತಡವಾಗಿ ಕೇಳಿಸಿದರೆ ನಾಲಿಗೆ ತೊದಲುತ್ತದೆ, ಮಾತು ನಿಧಾನವಾಗುತ್ತದೆ. ಮಾತಿನ ವಿಜ್ಞಾನದಲ್ಲಿ ಇದು 1950ರ ದಶಕದಿಂದಲೂ ತಿಳಿದಿರುವ ಸಂಗತಿ. ಬ್ಲೂಟೂತ್ ನಿಮ್ಮನ್ನು ಸರಿಯಾಗಿ ಆ ಅತಿ ಕೆಟ್ಟ ಅಂತರದಲ್ಲಿಯೇ ನಿಲ್ಲಿಸುತ್ತದೆ. ತಂತಿಯಿರುವ ಹೆಡ್‌ಫೋನನ್ನೇ ಬಳಸಿ, ಅದನ್ನೂ ಟ್ಯಾಬ್ಲೆಟ್‌ಗಲ್ಲ, ಇಂಟರ್‌ಫೇಸ್‌ಗೆ ಸಿಕ್ಕಿಸಿ.

ತಂತಿಯ ಹೆಡ್‌ಫೋನ್‌ನಲ್ಲಿಯೂ ತಡವಿದ್ದರೆ ದನಿಯ ದಾರಿಯನ್ನು ಒಮ್ಮೆ ನೋಡಬೇಕು. ಮೈಕ್‌ನಿಂದ ಬಂದ ವಿದ್ಯುತ್ ಸಂಕೇತವನ್ನು ಇಂಟರ್‌ಫೇಸ್ ಅಂಕಿಗಳಾಗಿ ಪರಿವರ್ತಿಸುತ್ತದೆ. ಸೆಕೆಂಡಿಗೆ 48,000 ಅಂಕಿಗಳು, ಅಂದರೆ 48,000 ಸ್ಯಾಂಪಲ್‌ಗಳು. ಟ್ಯಾಬ್ಲೆಟ್ ಇವನ್ನು ಬಂದಂತೆ ಒಂದೊಂದಾಗಿ ಎತ್ತಿಕೊಳ್ಳುವುದಿಲ್ಲ. ನಲ್ಲಿಯ ಕೆಳಗಿಟ್ಟ ಬಿಂದಿಗೆ ತುಂಬಿದ ಮೇಲೆಯೇ ಅದನ್ನು ಎತ್ತಿ ಒಳಗೆ ಒಯ್ಯುವ ಹಾಗೆ, ಇಂತಿಷ್ಟು ಸ್ಯಾಂಪಲ್‌ಗಳು ಸೇರಿದ ಮೇಲೆಯೇ ಕೆಲಸಕ್ಕೆ ಕೈ ಹಾಕುತ್ತದೆ. ಆ ಪಾತ್ರೆಯೇ ಬಫರ್. 128 ಸ್ಯಾಂಪಲ್‌ಗಳ ಬಫರ್ ತುಂಬಲು 2.7 ಮಿಲಿಸೆಕೆಂಡ್ ಬೇಕು, 256ಕ್ಕೆ 5.3, 512ಕ್ಕೆ 10.7, 1024ಕ್ಕೆ 21.3. ಒಳಗೆ ಬರುವಾಗ ಒಂದು ಬಫರ್, ಹೊರಗೆ ಹೋಗುವಾಗ ಇನ್ನೊಂದು. ಹಾಗಾಗಿ ಈ ಅಂಕಿಯನ್ನು ಕನಿಷ್ಠ ಎರಡರಿಂದ ಗುಣಿಸಬೇಕು. ಅದಕ್ಕೆ ಇಂಟರ್‌ಫೇಸ್‌ನ ಎರಡೂ ಕಡೆಯ ಪರಿವರ್ತನೆಯ ಹೊತ್ತು ಮತ್ತು ಯುಎಸ್‌ಬಿ ಸಂಪರ್ಕ ತನ್ನ ಸುರಕ್ಷತೆಗೆಂದು ಇಟ್ಟುಕೊಳ್ಳುವ ಹೊತ್ತು ಸೇರುತ್ತದೆ. 256ರ ಬಫರ್‌ನಲ್ಲಿ ಹೋಗಿಬರುವ ಒಟ್ಟು ತಡ ಲೆಕ್ಕದ ಪ್ರಕಾರ 10.7 ಮಿಲಿಸೆಕೆಂಡ್ ಆದರೂ ವಾಸ್ತವದಲ್ಲಿ ಇನ್ನೂ ಕೆಲವು ಮಿಲಿಸೆಕೆಂಡ್ ಹೆಚ್ಚೇ ಇರುತ್ತದೆ.

ಇದು ಹೆಚ್ಚೋ ಕಡಿಮೆಯೋ ಎಂಬುದು ನೀವು ಏನು ಮಾಡುತ್ತಿದ್ದೀರಿ ಎಂಬುದರ ಮೇಲಿದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಮೂರು ಮೀಟರ್ ದೂರದ ಸ್ಪೀಕರ್‌ನಿಂದ ನಿಮ್ಮ ಕಿವಿಗೆ ಬರಲು ಅದಕ್ಕೆ ಸುಮಾರು 9 ಮಿಲಿಸೆಕೆಂಡ್ ಬೇಕು. ವೇದಿಕೆಯ ಮೇಲೆ ಗಿಟಾರ್ ವಾದಕರು ಇಷ್ಟು ತಡದಲ್ಲಿ ಜೀವನವಿಡೀ ನುಡಿಸುತ್ತಾರೆ, ಯಾರಿಗೂ ತೊಂದರೆಯಾಗುವುದಿಲ್ಲ. ಆದರೆ ಹಾಡುಗಾರರ ಕಥೆ ಬೇರೆ. ನಿಮ್ಮ ದನಿ ತಲೆಬುರುಡೆಯ ಮೂಳೆಯ ಮೂಲಕ ಒಳಗಿನಿಂದಲೇ ಕಿವಿಯನ್ನು ತಲುಪುತ್ತಿರುತ್ತದೆ, ಅದಕ್ಕೆ ಯಾವ ತಡವೂ ಇಲ್ಲ. ಹೆಡ್‌ಫೋನ್‌ನಿಂದ ಬರುವ ತಡವಾದ ದನಿ ಅದರ ಜೊತೆ ಬೆರೆತಾಗ ಕೆಲವು ಕಂಪನಾಂಕಗಳು ಪರಸ್ಪರ ಅಳಿಸಿಕೊಳ್ಳುತ್ತವೆ. ತಡ 5 ಮಿಲಿಸೆಕೆಂಡ್ ಇದ್ದರೆ 100 ಹರ್ಟ್ಸ್, 300 ಹರ್ಟ್ಸ್, 500 ಹರ್ಟ್ಸ್ ಹೀಗೆ ಸಾಲಾಗಿ ಕುಳಿ ಬೀಳುತ್ತದೆ. ಆಗ ದನಿ ತಡವಾಗಿದೆ ಎಂದು ಅನ್ನಿಸುವುದಿಲ್ಲ. ಕೊಳವೆಯೊಳಗಿಂದ ಬಂದಂತೆ, ಟೊಳ್ಳಾಗಿ, ತನ್ನದಲ್ಲದಂತೆ ಕೇಳಿಸುತ್ತದೆ. ಮೈಕ್ ಸರಿಯಿಲ್ಲ ಎಂದುಕೊಂಡು ಹಲವರು ಹೊಸ ಮೈಕ್ ಹುಡುಕುವುದು ಈ ಹಂತದಲ್ಲಿ. ಮೈಕ್ ಬದಲಿಸಿದರೂ ಆ ಟೊಳ್ಳುತನ ಹೋಗುವುದಿಲ್ಲ.

ಹಾಗಾಗಿ ಹಾಡುವವರಿಗೆ ನಾನು ಬಫರ್ ಕಡಿಮೆ ಮಾಡಿ ಎಂದು ಮೊದಲು ಹೇಳುವುದಿಲ್ಲ. ಹಾಡುವಾಗ ನಿಮ್ಮ ದನಿಯನ್ನು ಟ್ಯಾಬ್ಲೆಟ್‌ನ ಮೂಲಕ ಕೇಳಲೇಬೇಡಿ ಎನ್ನುತ್ತೇನೆ. ಬಹುತೇಕ ಇಂಟರ್‌ಫೇಸ್‌ಗಳಲ್ಲಿ ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಇರುತ್ತದೆ, ಇಲ್ಲವೇ ಒಂದು ಬದಿಗೆ ಇನ್‌ಪುಟ್, ಇನ್ನೊಂದು ಬದಿಗೆ ಪ್ಲೇಬ್ಯಾಕ್ ಎಂದು ಬರೆದ ತಿರುಪು ಇರುತ್ತದೆ. ಅದನ್ನು ಬಳಸಿದರೆ ಮೈಕ್‌ನ ಸಂಕೇತ ಟ್ಯಾಬ್ಲೆಟ್‌ಗೆ ಹೋಗುವ ಮೊದಲೇ ಕವಲೊಡೆದು ಇಂಟರ್‌ಫೇಸ್‌ನ ಒಳಗಿನಿಂದಲೇ ಹೆಡ್‌ಫೋನ್‌ಗೆ ಬರುತ್ತದೆ. ತಡ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಿನ್ನೆಲೆಯ ಟ್ರ್ಯಾಕ್‌ಗಳು ಮಾತ್ರ ಟ್ಯಾಬ್ಲೆಟ್‌ನಿಂದ ಬರುತ್ತವೆ.

ಇದನ್ನು ಮಾಡಿದವರು ಮರೆಯುವ ಒಂದು ಹೆಜ್ಜೆಯಿದೆ. ಆ್ಯಪ್‌ನೊಳಗಿನ ಮಾನಿಟರಿಂಗ್ ಅನ್ನು, ಅಂದರೆ ಹಾಡುವಾಗಲೇ ದನಿಯನ್ನು ಆ್ಯಪ್ ಮೂಲಕ ಕೇಳಿಸುವ ಸೌಲಭ್ಯವನ್ನು, ಕಡ್ಡಾಯವಾಗಿ ಆಫ್ ಮಾಡಬೇಕು. ಗ್ಯಾರೇಜ್‌ಬ್ಯಾಂಡ್ ಆಗಲಿ, ಕ್ಯುಬೇಸಿಸ್ ಆಗಲಿ, ಟ್ರ್ಯಾಕ್‌ನ ಮಾನಿಟರ್ ಚಾಲೂ ಇದ್ದರೆ ದನಿ ಎರಡು ದಾರಿಗಳಿಂದಲೂ ಬರುತ್ತದೆ, ಒಂದು ತಕ್ಷಣ, ಇನ್ನೊಂದು ತಡವಾಗಿ. ಆಗ ಸ್ಥಿತಿ ಮೊದಲಿಗಿಂತಲೂ ಹದಗೆಡುತ್ತದೆ. ಡೈರೆಕ್ಟ್ ಮಾನಿಟರ್ ಪ್ರಯೋಜನವಿಲ್ಲ ಎಂಬ ದೂರು ಬಂದಾಗಲೆಲ್ಲ ನಾನು ಕೇಳುವ ಮೊದಲ ಪ್ರಶ್ನೆ ಇದೇ.

ಇದಕ್ಕೆ ಒಂದೇ ಆಕ್ಷೇಪ: ಹೀಗೆ ಕೇಳಿಸುವ ದನಿ ಒಣಗಿದಂತಿರುತ್ತದೆ, ರಿವರ್ಬ್, ಅಂದರೆ ದೊಡ್ಡ ಕೋಣೆಯಲ್ಲಿ ಹಾಡಿದಾಗ ಉಳಿಯುವಂಥ ಅನುರಣನ, ಇರುವುದಿಲ್ಲ. ಹಲವರಿಗೆ ಸ್ವಲ್ಪ ರಿವರ್ಬ್ ಇಲ್ಲದೆ ಶ್ರುತಿ ಹಿಡಿಯುವುದೇ ಕಷ್ಟ, ಅದು ನ್ಯಾಯವಾದ ಮಾತು. ಪರಿಹಾರವೂ ಸೊಗಸಾಗಿದೆ. ಐಪ್ಯಾಡ್‌ನ ಎಯುಎಂ ಥರದ ಮಿಕ್ಸರ್ ಆ್ಯಪ್‌ನಲ್ಲಿ ಮೈಕ್‌ನ ಮೂಲ ದನಿಯನ್ನು ಪೂರ್ತಿ ಇಳಿಸಿ, ಅದನ್ನು ರಿವರ್ಬ್‌ಗೆ ಮಾತ್ರ ಕಳುಹಿಸಿ, ರಿವರ್ಬ್‌ನ ವೆಟ್ ಪ್ರಮಾಣವನ್ನು, ಅಂದರೆ ಅನುರಣನದ ಪಾಲನ್ನು, ನೂರಕ್ಕೆ ನೂರು ಇಡಿ. ಈಗ ಇಂಟರ್‌ಫೇಸ್‌ನಿಂದ ಒಣ ದನಿ ತಕ್ಷಣ ಬರುತ್ತದೆ, ಟ್ಯಾಬ್ಲೆಟ್‌ನಿಂದ ಅದರ ಗುಂಗು ಮಾತ್ರ 10–20 ಮಿಲಿಸೆಕೆಂಡ್ ಬಿಟ್ಟು ಬರುತ್ತದೆ. ಆ ತಡ ಇಲ್ಲಿ ದೋಷವೇ ಅಲ್ಲ. ಮಾತುಗಳು ಸ್ಪಷ್ಟವಾಗಿ ಕೇಳಲಿ ಎಂದು ಧ್ವನಿ ಎಂಜಿನಿಯರ್‌ಗಳು ರಿವರ್ಬ್‌ಗೆ ಬೇಕೆಂದೇ ಪ್ರಿ-ಡಿಲೇ ಎಂಬ ಅಂತರ ಕೊಡುತ್ತಾರೆ, ನಿಮಗೆ ಅದು ತಾನಾಗಿಯೇ ದೊರೆಯುತ್ತದೆ.

ಬಫರ್ ಕಡಿಮೆ ಮಾಡಲೇಬೇಕಾದ ಸಂದರ್ಭ ಬೇರೆ. ಗಿಟಾರನ್ನು ಆ್ಯಪ್‌ನ ಆಂಪ್ಲಿಫೈಯರ್ ಮೂಲಕ ನುಡಿಸುವಾಗ ಆ್ಯಪ್ ಹೊರಡಿಸುವ ನಾದವೇ ನಿಮಗೆ ಬೇಕಾದ ನಾದ, ಡೈರೆಕ್ಟ್ ಮಾನಿಟರ್ ಅಲ್ಲಿ ಉಪಯೋಗವಿಲ್ಲ. ಮಿಡಿ ಕೀಬೋರ್ಡ್‌ನಿಂದ ಸಿಂಥಸೈಜರ್ ಆ್ಯಪ್ ನುಡಿಸುವಾಗಲೂ ಹಾಗೆಯೇ. ಆದರೆ ಅಲ್ಲಿ ಒಂದು ಅನುಕೂಲವಿದೆ: ಕೀಬೋರ್ಡ್‌ನಿಂದ ಬರುವುದು ಯಾವ ಕೀಲಿ, ಎಷ್ಟು ಜೋರು ಎಂಬ ಸಂದೇಶ ಮಾತ್ರ. ಒಳಬರುವ ಆಡಿಯೊ ಇಲ್ಲದ್ದರಿಂದ ಹೊರಹೋಗುವ ದಾರಿಯ ತಡ ಮಾತ್ರ ಲೆಕ್ಕಕ್ಕೆ ಬರುತ್ತದೆ. ಇಂಥ ಕೆಲಸಗಳಿಗೆ 128ರಿಂದ ಆರಂಭಿಸಿ. ಚಟಪಟ ಸದ್ದು ಬಂದರೆ ಪ್ರೊಸೆಸರ್‌ಗೆ ಆ ಅವಧಿಯೊಳಗೆ ಲೆಕ್ಕ ಮುಗಿಸಲು ಆಗುತ್ತಿಲ್ಲ ಎಂದರ್ಥ, 256ಕ್ಕೆ ಏರಿಸಿ. ಎಲ್ಲ ಧ್ವನಿಮುದ್ರಣ ಮುಗಿದು ಮಿಕ್ಸಿಂಗ್‌ಗೆ ಕುಳಿತಾಗ 1024 ಇಟ್ಟುಕೊಂಡರೂ ನಷ್ಟವಿಲ್ಲ. ಹೆಚ್ಚು ಎಫೆಕ್ಟ್‌ಗಳನ್ನು ಹಾಕಲು ಅದರಿಂದ ಅವಕಾಶವಾಗುತ್ತದೆ. ಕ್ಯುಬೇಸಿಸ್, ಎಯುಎಂ ಮುಂತಾದವುಗಳಲ್ಲಿ ಈ ಆಯ್ಕೆ ಕೈಗೆ ಸಿಗುತ್ತದೆ, ಐಪ್ಯಾಡ್‌ನ ಗ್ಯಾರೇಜ್‌ಬ್ಯಾಂಡ್‌ನಲ್ಲಿ ಸಿಗುವುದಿಲ್ಲ. ಐಪ್ಯಾಡ್‌ನಲ್ಲಿ ಹಲವು ಆಡಿಯೊ ಆ್ಯಪ್‌ಗಳು ಒಟ್ಟಿಗೆ ತೆರೆದಿದ್ದರೆ ಒಂದು ಕೇಳಿದ ಬಫರ್ ಇನ್ನೊಂದರ ಮೇಲೂ ಪರಿಣಾಮ ಬೀರುತ್ತದೆ, ಆದ್ದರಿಂದ ಬೇಡದವನ್ನು ಮುಚ್ಚಿ.

ಆಂಡ್ರಾಯ್ಡ್ ಟ್ಯಾಬ್ಲೆಟ್ ಇರುವವರಿಗೆ ಒಂದೆರಡು ಮಾತು. ಆ ವ್ಯವಸ್ಥೆಯ ಆರಂಭದ ವರ್ಷಗಳಲ್ಲಿ ಈ ತಡ 100 ಮಿಲಿಸೆಕೆಂಡ್ ದಾಟುವುದು ಮಾಮೂಲಾಗಿತ್ತು, ಅದರ ಕೆಟ್ಟ ಹೆಸರು ಇನ್ನೂ ಪೂರ್ತಿ ಹೋಗಿಲ್ಲ. 2017ರಲ್ಲಿ ಆಂಡ್ರಾಯ್ಡ್ 8ರ ಜೊತೆ ಬಂದ ಎ-ಆಡಿಯೊ ವ್ಯವಸ್ಥೆಯಿಂದ ಪರಿಸ್ಥಿತಿ ಸುಧಾರಿಸಿತು. ಆದರೂ ಸಾಧನದಿಂದ ಸಾಧನಕ್ಕೆ ವ್ಯತ್ಯಾಸ ದೊಡ್ಡದು, ಒಬ್ಬರ ಟ್ಯಾಬ್ಲೆಟ್‌ನ ಅನುಭವ ಇನ್ನೊಬ್ಬರದಕ್ಕೆ ಅನ್ವಯಿಸುವುದಿಲ್ಲ. ಆಡಿಯೊ ಎವಲ್ಯೂಷನ್ ಮೊಬೈಲ್‌ನಂಥ ಆ್ಯಪ್‌ಗಳು ತಮ್ಮದೇ ಯುಎಸ್‌ಬಿ ಡ್ರೈವರ್ ಇಟ್ಟುಕೊಂಡು ಇಂಟರ್‌ಫೇಸ್ ಜೊತೆ ನೇರವಾಗಿ ವ್ಯವಹರಿಸುತ್ತವೆ, ಅವನ್ನು ಒಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯದು. ಪ್ರಾಜೆಕ್ಟ್‌ನ ಸ್ಯಾಂಪಲ್ ರೇಟ್ ಸಾಧನದ ಸಹಜ ರೇಟ್‌ಗೆ, ಹೆಚ್ಚಾಗಿ 48,000ಕ್ಕೆ, ಹೊಂದಿಕೊಂಡಿರಲಿ. 44,100ರಲ್ಲಿ ಇಟ್ಟರೆ ನಡುವೆ ಪರಿವರ್ತನೆಯ ಹೊರೆ ಸೇರಿಕೊಳ್ಳಬಹುದು.

ಇನ್ನು, ಕೇಳುವಾಗಿನ ತಡ ಒಂದು ಸಮಸ್ಯೆ, ಮುದ್ರಿತವಾದ ಟ್ರ್ಯಾಕ್ ತಡವಾಗಿ ಕೂರುವುದು ಇನ್ನೊಂದು. ಡೈರೆಕ್ಟ್ ಮಾನಿಟರ್ ಮೊದಲನೆಯದನ್ನು ಮಾತ್ರ ಬಗೆಹರಿಸುತ್ತದೆ. ಲಯಕ್ಕೆ ಸರಿಯಾಗಿ ಹಾಡಿದ್ದರೂ ಮತ್ತೆ ಕೇಳಿದಾಗ ಹಾಡು ತಾಳದ ಹಿಂದೆ ಎಳೆದಂತಿದ್ದರೆ ಎರಡನೆಯದನ್ನು ಅನುಮಾನಿಸಿ. ಅಳೆಯುವುದು ಸುಲಭ. ಇಂಟರ್‌ಫೇಸ್ ಮೈಕ್‌ಗೆ ಕೊಡುವ 48 ವೋಲ್ಟ್ ವಿದ್ಯುತ್ತನ್ನು, ಅಂದರೆ ಫ್ಯಾಂಟಮ್ ಪವರನ್ನು, ಆಫ್ ಮಾಡಿ, ಡೈರೆಕ್ಟ್ ಮಾನಿಟರನ್ನೂ ಆ್ಯಪ್‌ನ ಮಾನಿಟರನ್ನೂ ಆಫ್ ಮಾಡಿ, ಮಾನಿಟರ್ ಚಾಲೂ ಇದ್ದರೆ ಸದ್ದು ಸುತ್ತಿ ಸುತ್ತಿ ಕಿರುಚುತ್ತದೆ. ಇಂಟರ್‌ಫೇಸ್‌ನ ಲೈನ್ ಔಟ್‌ಪುಟ್‌ನಿಂದ ಅದರದೇ ಲೈನ್ ಇನ್‌ಪುಟ್‌ಗೆ ಒಂದು ಕೇಬಲ್ ಹಾಕಿ. ಒಂದು ಟ್ರ್ಯಾಕ್‌ನಲ್ಲಿ ಚುರುಕಾದ ಕ್ಲಿಕ್ ಸದ್ದು ಇಟ್ಟು, ಅದು ನುಡಿಯುತ್ತಿರುವಾಗ ಇನ್ನೊಂದು ಟ್ರ್ಯಾಕ್‌ನಲ್ಲಿ ಧ್ವನಿಮುದ್ರಿಸಿ. ಅಲೆಯ ಚಿತ್ರವನ್ನು ಹಿಗ್ಗಿಸಿ ಎರಡು ಕ್ಲಿಕ್‌ಗಳ ನಡುವಿನ ಅಂತರ ನೋಡಿ. 48,000ದ ರೇಟ್‌ನಲ್ಲಿ 720 ಸ್ಯಾಂಪಲ್ ಅಂತರವಿದ್ದರೆ 15 ಮಿಲಿಸೆಕೆಂಡ್. ಎರಡೂ ಒಂದೇ ಗೆರೆಯಲ್ಲಿದ್ದರೆ ಆ್ಯಪ್ ತಾನೇ ಸರಿದೂಗಿಸುತ್ತಿದೆ, ನೀವೇನೂ ಮಾಡಬೇಕಿಲ್ಲ. ಇಲ್ಲದಿದ್ದರೆ ಸೆಟ್ಟಿಂಗ್‌ನಲ್ಲಿ ಆ ಅಂಕಿ ತುಂಬುವ ಅವಕಾಶವಿದೆಯೇ ನೋಡಿ, ಅದೂ ಇಲ್ಲವಾದರೆ ಹಾಡಿದ ಟ್ರ್ಯಾಕನ್ನು ಪ್ರತಿ ಸಲ ಅಷ್ಟೇ ಎಡಕ್ಕೆ, ಅಂದರೆ ಅಷ್ಟು ಬೇಗ ಶುರುವಾಗುವಂತೆ, ಸರಿಸಿ. ಬಫರ್ ಬದಲಿಸಿದರೆ ಈ ಅಂಕಿಯೂ ಬದಲಾಗುತ್ತದೆ, ಮತ್ತೆ ಅಳೆಯಬೇಕು.

ಚಟಪಟ ಸದ್ದು ಬಫರ್ ಏರಿಸಿದರೂ ನಿಲ್ಲದಿದ್ದರೆ, ಅಥವಾ ಇಂಟರ್‌ಫೇಸ್ ನಡುನಡುವೆ ಕಡಿದುಹೋಗುತ್ತಿದ್ದರೆ, ಅದು ಲೇಟೆನ್ಸಿಯ ವಿಷಯವಲ್ಲ, ವಿದ್ಯುತ್ತಿನ ಕೊರತೆ ಇದ್ದೀತು. ಫ್ಯಾಂಟಮ್ ಪವರ್ ಬೇಡುವ ಮೈಕ್ ಹಾಕಿದಾಗ ಇಂಟರ್‌ಫೇಸ್ ಸೆಳೆಯುವ ಶಕ್ತಿಯನ್ನು ಎಲ್ಲ ಟ್ಯಾಬ್ಲೆಟ್‌ಗಳೂ ಪೂರೈಸಲಾರವು. ಸ್ವಂತ ವಿದ್ಯುತ್ ಪೂರೈಕೆಯಿರುವ ಯುಎಸ್‌ಬಿ ಹಬ್ ನಡುವೆ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹಳೆಯ ಲೈಟ್ನಿಂಗ್ ಪೋರ್ಟ್‌ನ ಐಪ್ಯಾಡ್ ಆದರೆ ಚಾರ್ಜಿಂಗ್‌ಗೂ ಜಾಗವಿರುವ ಕ್ಯಾಮೆರಾ ಅಡಾಪ್ಟರ್ ತೆಗೆದುಕೊಳ್ಳಿ.

ನಿಜವಾಗಿಯೂ ಹೊಸದನ್ನು ಕೊಳ್ಳಬೇಕಾದ ಸಂದರ್ಭಗಳು ನನ್ನ ಲೆಕ್ಕದಲ್ಲಿ ಎರಡೇ. ಹಾಡುವುದೇ ನಿಮ್ಮ ಮುಖ್ಯ ಕೆಲಸವಾಗಿದ್ದು ಇಂಟರ್‌ಫೇಸ್‌ನಲ್ಲಿ ಡೈರೆಕ್ಟ್ ಮಾನಿಟರ್ ಇಲ್ಲದಿದ್ದರೆ ಇಂಟರ್‌ಫೇಸ್ ಬದಲಿಸಿ. ಕೊಳ್ಳುವಾಗ ಅದು ಕ್ಲಾಸ್ ಕಂಪ್ಲಯಂಟ್ ಹೌದೇ, ಅಂದರೆ ಪ್ರತ್ಯೇಕ ಡ್ರೈವರ್ ಇಲ್ಲದೆ ನಡೆಯುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಡೈರೆಕ್ಟ್ ಮಾನಿಟರ್‌ನಲ್ಲಿ ದನಿಯನ್ನು ಎರಡೂ ಕಿವಿಗೆ ಹಂಚುವ ಮೋನೊ ಆಯ್ಕೆ ಇದೆಯೇ ಎಂದೂ ನೋಡಿ, ಒಂದೇ ಕಿವಿಯಲ್ಲಿ ತನ್ನ ದನಿ ಕೇಳುತ್ತ ಗಂಟೆಗಟ್ಟಲೆ ಹಾಡುವುದು ಹಿಂಸೆ. ಆ್ಯಪ್‌ನ ವಾದ್ಯಗಳನ್ನು ನುಡಿಸುವುದೇ ಮುಖ್ಯವಾಗಿದ್ದು, ಬೇರೆಲ್ಲ ಆ್ಯಪ್ ಮುಚ್ಚಿದ ಮೇಲೂ 256ರಲ್ಲಿ ಒಂದೇ ಒಂದು ವಾದ್ಯ ಚಟಪಟವಿಲ್ಲದೆ ನುಡಿಯದಿದ್ದರೆ ಟ್ಯಾಬ್ಲೆಟ್ ಬದಲಿಸುವ ಯೋಚನೆ ಮಾಡಬಹುದು.